ಹಗ್ಗದಿಂದ ಗೋಡೆಗೆ: ಮರಣದಂಡನೆಯ ಕುರಿತ ಧರ್ಮೋಪದೇಶಕ್ಕೆ ಕರ್ನಾಟಕದಿಂದ ಒಂದು ವಿಮರ್ಶೆ

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2267ನೆಯ ಪರಿಚ್ಛೇದವು 2018ರ ಆಗಸ್ಟ್ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸರ ಆದೇಶದಂತೆ ತಿದ್ದುಪಡಿಯಾಯಿತು. ಮರಣದಂಡನೆಯು ಮಾನವ ವ್ಯಕ್ತಿಯ ಘನತೆಗೆ ಮಾಡುವ ಘಾತವಾದುದರಿಂದ ಅದು ಅಂಗೀಕಾರಾರ್ಹವಲ್ಲ ಎಂಬುದು ಅಂದಿನಿಂದ ಧರ್ಮಸಭೆಯ ಅಧಿಕೃತ ಬೋಧನೆ. ನಮ್ಮ ಗುರುವಿದ್ಯಾಮಂದಿರಗಳಲ್ಲಿ ನೀತಿ ದೈವಶಾಸ್ತ್ರದ ಪಾಠಕ್ಕೆ ಕೂರುವ ವಿದ್ಯಾರ್ಥಿಗಳು ಈ ಸಾಲುಗಳನ್ನು ಪರೀಕ್ಷೆಗೆಂದು ಓದಿಕೊಳ್ಳುತ್ತಾರೆ. ಗುರುಗಳು ಬೋಧನೆಯಲ್ಲಿ ಒಂದೆರಡು ಸಲ ನೆನೆಯುತ್ತಾರೆ. ಅಲ್ಲಿಗೆ ವಿಷಯ ಮುಗಿದಂತೆ ನಾವೆಲ್ಲ ನಡೆದುಕೊಳ್ಳುತ್ತಿದ್ದೇವೆ.

ನನಗೆ ಅದು ಮುಗಿದಿಲ್ಲವೆಂದು ಅರಿವಾದದ್ದು ಬಿಣಗಾದಲ್ಲಿ. ಒಂದು ತಪಸ್ಸುಕಾಲದ ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಅದರ ಮೊದಲ ನಿಲ್ದಾಣವನ್ನೇ, ಎಂದರೆ ಪ್ರಭು ಯೇಸುವಿಗೆ ಮರಣದಂಡನೆ ವಿಧಿಸಿದ ಪ್ರಸಂಗವನ್ನೇ ಹಿಡಿದು ಕೆಲವು ಮಾತು ಆಡಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ಕೊಂಕಣಿಯಲ್ಲಿ ಕೇಳಿದರು: “ಫಾದರ್, ಗಲ್ಲು ಬೇಡ ಅನ್ನುತ್ತೀರಿ, ಸರಿ. ಸತ್ತವರ ಮನೆಗೆ ಹೋದವರು ಯಾರು?” ಈ ಲೇಖನವು ಆ ಪ್ರಶ್ನೆಗೆ ಕೊಡಬೇಕಾದ ಲೆಕ್ಕ. ಪರಿಚ್ಛೇದದ ತೀರ್ಮಾನವನ್ನು ನಾನು ಪೂರ್ಣಮನಸ್ಸಿನಿಂದ ಒಪ್ಪುತ್ತೇನೆ. ಆದರೆ ಕರ್ನಾಟಕದ ಅನುಭವದ ಎದುರು ಇಟ್ಟು ಓದಿದಾಗ ಅದರಲ್ಲಿ ಮೂರು ಕೊರತೆಗಳು ಕಾಣುತ್ತವೆ. ಅದು ಸಾಯಿಸುವ ಕ್ರಿಯೆಯ ಬಗ್ಗೆ ಮಾತಾಡುತ್ತದೆ, ಸಾವಿಗಾಗಿ ಕಾಯುವ ಕಾಲದ ಬಗ್ಗೆ ಮಾತಾಡುವುದಿಲ್ಲ. ಸೆರೆಮನೆಯ ಮೇಲೆ ಅತಿಯಾದ ಭರವಸೆ ಇಡುತ್ತದೆ. ಕೊಲೆಯಾದವರ ಮನೆಯವರನ್ನು ಹೆಸರಿಸುವುದೇ ಇಲ್ಲ.

1. ಬೋಧನೆ ಬೆಳೆದ ಬಗೆ

ಕೊರತೆಗಳನ್ನು ಹೇಳುವ ಮುನ್ನ ಈ ಪಠ್ಯ ಎಷ್ಟು ದೂರ ನಡೆದು ಬಂದಿದೆ ಎಂಬುದನ್ನು ಗುರುತಿಸುವುದು ನ್ಯಾಯ. 1210ರಲ್ಲಿ ಧರ್ಮಸಭೆಗೆ ಮರಳುತ್ತಿದ್ದ ವಾಲ್ಡೆನ್ಸಿಯರ ಮುಂದೆ ಮೂರನೆಯ ಇನ್ನೋಸೆಂಟರು ಇಟ್ಟ ವಿಶ್ವಾಸ ಪ್ರಮಾಣದಲ್ಲಿ, ಲೌಕಿಕ ಪ್ರಭುತ್ವವು ದ್ವೇಷವಿಲ್ಲದೆ ವಿವೇಚನೆಯಿಂದ ಮರಣಶಿಕ್ಷೆ ವಿಧಿಸಿದರೆ ಅದು ಮಾರಕ ಪಾಪವಲ್ಲವೆಂದು ಒಪ್ಪಿಕೊಳ್ಳಬೇಕಿತ್ತು. ಸಂತ ತೋಮಸ್ ಅಕ್ವಿನಾಸರು ಸಮಾಜವನ್ನು ದೇಹಕ್ಕೂ ಅಪರಾಧಿಯನ್ನು ಕೊಳೆತ ಅಂಗಕ್ಕೂ ಹೋಲಿಸಿ, ಇಡೀ ದೇಹದ ಹಿತಕ್ಕಾಗಿ ಅಂಗವನ್ನು ಕತ್ತರಿಸಬಹುದೆಂದು ವಾದಿಸಿದರು. ವ್ಯಾಟಿಕನ್ ನಗರ ರಾಜ್ಯದ ಕಾನೂನಿನಲ್ಲಿಯೇ 1929ರಿಂದ 1969ರವರೆಗೆ, ಜಗದ್ಗುರುಗಳ ಹತ್ಯೆಗೆ ಯತ್ನಿಸಿದವರಿಗೆ ಮರಣದಂಡನೆ ಇತ್ತು.

ತಿರುವು ಬಂದದ್ದು 1995ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಹೊರಟ ‘ಎವಾಂಜೆಲಿಯುಮ್ ವೀಟೆ’ ವಿಶ್ವಪತ್ರದಲ್ಲಿ ಎರಡನೆಯ ಜಾನ್ ಪೌಲರು, ಸಮಾಜವನ್ನು ರಕ್ಷಿಸಲು ಬೇರೆ ದಾರಿಯೇ ಇಲ್ಲದಂಥ ಸಂದರ್ಭಗಳು ಇಂದು ಇಲ್ಲವೆನ್ನುವಷ್ಟು ವಿರಳವೆಂದರು. 1992ರ ಧರ್ಮೋಪದೇಶವನ್ನು 1997ರಲ್ಲಿ ಅದಕ್ಕೆ ತಕ್ಕಂತೆ ತಿದ್ದಲಾಯಿತು. 2018ರಲ್ಲಿ ಆ ಕಿರಿದಾದ ಬಾಗಿಲೂ ಮುಚ್ಚಿತು.

ನಮ್ಮ ವಿಶ್ವಾಸಿಗಳಲ್ಲಿ ಅನೇಕರಿಗೆ ಇದು ಪವಿತ್ರ ಗ್ರಂಥಕ್ಕೆ ವಿರುದ್ಧವೆನಿಸುತ್ತದೆ. ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಖಡ್ಗ, ಆದಿಕಾಂಡ 9:6ರ ರಕ್ತಕ್ಕೆ ರಕ್ತವೆಂಬ ವಿಧಿ, ಇವೆರಡನ್ನೂ ಅವರು ಎತ್ತಿ ತೋರಿಸುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು, ಹಾರಿಕೆಯ ಉತ್ತರ ಸಲ್ಲದು. ಅಧಿಕಾರಕ್ಕೆ ವಿಧೇಯರಾಗಿರಿ ಎಂದು ಬರೆದ ಪೌಲರು ಅದೇ ಅಧಿಕಾರದ ಖಡ್ಗಕ್ಕೆ ಬಲಿಯಾದರೆಂಬುದು ಧರ್ಮಸಭೆಯ ಪ್ರಾಚೀನ ನೆನಪು. ಪ್ರಭುತ್ವದ ಹೊಣೆಯನ್ನು ಗೌರವಿಸುವ ಆ ಅಧ್ಯಾಯದಿಂದ ಪ್ರಭುತ್ವದ ಪ್ರತಿಯೊಂದು ತೀರ್ಪಿಗೂ ದೈವಮುದ್ರೆ ಬೀಳುವುದಿಲ್ಲ. ಒಂಬತ್ತನೆಯ ಅಧ್ಯಾಯದ ವಿಧಿಗೆ ಮುಂಚೆ ಆದಿಕಾಂಡದಲ್ಲಿ ನಾಲ್ಕನೆಯ ಅಧ್ಯಾಯವಿದೆ: ಭೂಮಿಯ ಮೊದಲ ಕೊಲೆಗಾರನಿಗೆ ದೇವರು ಶಿಕ್ಷೆ ಕೊಟ್ಟರು, ಆದರೆ ಅವನನ್ನು ಯಾರೂ ಕೊಲ್ಲಬಾರದೆಂದು ಗುರುತನ್ನೂ ಇಟ್ಟರು. ಹೇಬೆಲನ ರಕ್ತದ ಕೂಗನ್ನು ಕೇಳಿದ ದೇವರೇ ಕಾಯಿನನ ಪ್ರಾಣಕ್ಕೂ ಕಾವಲಾದರು. ಎರಡನ್ನೂ ಒಟ್ಟಿಗೆ ಮಾಡಲು ನಮಗೆ ಸಾಧ್ಯವೇ ಎಂಬುದೇ ಈ ಚರ್ಚೆಯ ತಿರುಳು.

2. ಹಿಂಡಲಗಾದಲ್ಲಿ ಕಾಯುವವರು

1953ರಿಂದ ಕಾರವಾರ ಧರ್ಮಪ್ರಾಂತ್ಯ ರೂಪುಗೊಂಡ 1976ರವರೆಗೆ ಬಿಣಗಾ, ಅಂಕೋಲೆಗಳ ಕಥೋಲಿಕರು ಬೆಳಗಾವಿ ಧರ್ಮಪ್ರಾಂತ್ಯದವರಾಗಿದ್ದರು. ಅದೇ ಬೆಳಗಾವಿಯ ಅಂಚಿನಲ್ಲಿ ಹಿಂಡಲಗಾ ಕೇಂದ್ರ ಕಾರಾಗೃಹವಿದೆ. ಕರ್ನಾಟಕದಲ್ಲಿ ಗಲ್ಲಿನ ತೀರ್ಪು ಪಡೆದವರನ್ನು ಬಹುಕಾಲದಿಂದ ಕಳುಹಿಸುತ್ತಿರುವುದು ಅಲ್ಲಿಗೆ. 1983ರ ನಂತರ ಅಲ್ಲಿ ಯಾರನ್ನೂ ನೇಣಿಗೇರಿಸಿಲ್ಲ. ಹಾಗಿದ್ದರೆ ಮರಣದಂಡನೆ ಇಲ್ಲಿ ಕಾಗದದ ಮೇಲಿನ ಮಾತಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹಿಂಡಲಗಾದ ಗೋಡೆಯೊಳಗೆ ಇರುವವರಿಗೆ ಅದು ಕಾಗದವಲ್ಲ. ಪ್ರತಿದಿನ ಬೆಳಿಗ್ಗೆ ಎದ್ದು ಇಂದೋ ನಾಳೆಯೋ ಎಂದು ಕೇಳಿಕೊಳ್ಳುವುದೇ ಆ ಶಿಕ್ಷೆಯ ನಿಜವಾದ ರೂಪ.

ಪಾಲಾರ್ ಪ್ರಕರಣವನ್ನು ನೋಡೋಣ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಬಳಿ ಪಾಲಾರ್‌ನಲ್ಲಿ ವೀರಪ್ಪನ್ ತಂಡವು ನೆಲಬಾಂಬ್ ಸ್ಫೋಟಿಸಿದಾಗ ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಮೈಸೂರಿನ ಟಾಡಾ ನ್ಯಾಯಾಲಯವು 2001ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ 2004ರ ಜನವರಿಯಲ್ಲಿ ಅದು ಆ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಆ ನಾಲ್ವರಲ್ಲಿ ಮೂವರು ಕ್ರೈಸ್ತ ಹೆಸರಿನವರು. ಕ್ಷಮಾದಾನದ ಅರ್ಜಿಗೆ ರಾಷ್ಟ್ರಪತಿಗಳ ಉತ್ತರ ಬಂದದ್ದು ಒಂಬತ್ತು ವರ್ಷಗಳ ನಂತರ, 2013ರ ಫೆಬ್ರವರಿಯಲ್ಲಿ. ಉತ್ತರ ಇಲ್ಲವೆಂದೇ ಆಗಿತ್ತು. ಹಿಂಡಲಗಾದಲ್ಲಿ ನೇಣಿನ ಸಿದ್ಧತೆಯ ಸುದ್ದಿ ಹಬ್ಬಿದ್ದಾಗ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠವು ಇವರೂ ಸೇರಿ 15 ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಇವರು ಉಳಿದದ್ದು ಅತಿಯಾದ ವಿಳಂಬದ ಕಾರಣಕ್ಕೆ. ಅವರಲ್ಲೊಬ್ಬರು 2022ರ ಡಿಸೆಂಬರಿನಲ್ಲಿ, ತೀವ್ರ ಅನಾರೋಗ್ಯದ ಕಾರಣ ಸಿಕ್ಕ ಜಾಮೀನಿನ ಮೇಲೆ, ಸುಮಾರು 29 ವರ್ಷಗಳ ಸೆರೆವಾಸದ ಬಳಿಕ ಊರಿಗೆ ಮರಳಿದರು.

ಇಲ್ಲಿ ಗಮನಿಸಬೇಕಾದ ವೈಪರೀತ್ಯವಿದೆ. ಅವರ ಘನತೆಯನ್ನು ನೋಡಿ ಕಾನೂನು ಅವರನ್ನು ಉಳಿಸಲಿಲ್ಲ. ಅವರನ್ನು ಕಾಯಿಸಿದ ತನ್ನದೇ ತಪ್ಪನ್ನು ನೋಡಿ ಉಳಿಸಿತು. ಕಾಯುವಿಕೆಯೇ ಯಾತನೆ ಎಂಬುದನ್ನು ನ್ಯಾಯಾಲಯ ಹಾಗೆ ಬಾಯಿಬಿಟ್ಟು ಒಪ್ಪಿಕೊಂಡಿತು. ನಮ್ಮ ಧರ್ಮೋಪದೇಶ ಇನ್ನೂ ಅಷ್ಟು ಹೇಳಿಲ್ಲ.

ಬೆಂಗಳೂರಿನ ಇನ್ನೊಂದು ಮೊಕದ್ದಮೆಯಲ್ಲಿ ಗಲ್ಲಿನ ತೀರ್ಪು ಪಡೆದವನನ್ನು 2006ರಿಂದ ಸುಮಾರು ಹತ್ತು ವರ್ಷ ಬೆಳಗಾವಿಯಲ್ಲಿ ಒಂಟಿ ಸೆರೆಯಲ್ಲಿ ಇರಿಸಲಾಗಿತ್ತು. ಕ್ಷಮಾದಾನದ ಕೊನೆಯ ಬಾಗಿಲು ಮುಚ್ಚುವವರೆಗೆ ಯಾರನ್ನೂ ಹೀಗೆ ಪ್ರತ್ಯೇಕಿಸಿ ಇಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 1978ರಷ್ಟು ಹಿಂದೆಯೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿತ್ತು. 2022ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ಈ ಅಕ್ರಮವನ್ನು ಗುರುತಿಸಿ, ಕನಿಷ್ಠ 30 ವರ್ಷಗಳ ಸೆರೆಯುಳ್ಳ ಜೀವಾವಧಿಗೆ ಶಿಕ್ಷೆಯನ್ನು ಇಳಿಸಿತು. ಅವನ ಅಪರಾಧ ಕೇಳಿದವರ ಮೈ ನಡುಗಿಸುವಂಥದ್ದು. ಅದನ್ನು ಮರೆಮಾಚಿ ಕರುಣೆ ಬೇಡುವುದು ಸುಳ್ಳಾಗುತ್ತದೆ. ಆದರೂ ಹತ್ತು ವರ್ಷ ಮನುಷ್ಯ ಸಂಪರ್ಕವಿಲ್ಲದ ಕೋಣೆ ಯಾವ ತೀರ್ಪಿನಲ್ಲಿಯೂ ಬರೆದಿರಲಿಲ್ಲ.

ಹೀಗೆ ಕಾಯುವವರು ಯಾರು? ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು 2016ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ದೇಶದ 373 ಮರಣದಂಡಿತರು ಮಾತು ಕೊಟ್ಟರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಆರ್ಥಿಕವಾಗಿ ದುರ್ಬಲರು. ಅದೇ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಕರ್ನಾಟಕವೂ ಸೇರಿದ ಐದು ರಾಜ್ಯಗಳ 88 ಮಂದಿಯ ಮನಃಸ್ಥಿತಿಯನ್ನು ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮಾನಸಿಕ ಕಾಯಿಲೆ ಕಂಡುಬಂತು. ಶಿಕ್ಷೆಯಾದವನ ತಾಯಿ, ಹೆಂಡತಿ, ಮಕ್ಕಳು ಯಾವ ಅಪರಾಧವನ್ನೂ ಮಾಡದೆ ಅವನೊಂದಿಗೆ ಕಾಯುತ್ತಾರೆ. 2013ರ ಫೆಬ್ರವರಿ 9ರಂದು ತಿಹಾರಿನಲ್ಲಿ ಅಫ್ಜಲ್ ಗುರುವನ್ನು ಗಲ್ಲಿಗೇರಿಸಿದ ಮೇಲೆ ಕಾಶ್ಮೀರದ ಅವನ ಮನೆಗೆ ಸ್ಪೀಡ್ ಪೋಸ್ಟಿನ ಕಾಗದ ತಲುಪಿತು. ಮರುವರ್ಷದ ಚೌಹಾಣ್ ತೀರ್ಪು, ಅರ್ಜಿ ತಿರಸ್ಕೃತವಾದ ಸುದ್ದಿಗೂ ನೇಣಿಗೂ ನಡುವೆ ಕನಿಷ್ಠ 14 ದಿನಗಳ ಅಂತರವಿರಬೇಕು, ಮನೆಯವರೊಡನೆ ಕೊನೆಯ ಭೇಟಿಗೆ ಅವಕಾಶವಿರಬೇಕು ಎಂದು ವಿಧಿಸಿತು. ಶಿಲುಬೆಯ ಕೆಳಗೆ ನಿಂತ ತಾಯಿಯನ್ನು ಗೌರವಿಸುವ ಸಭೆಗೆ ಈ ನಿಯಮದ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

3. ಗೋಡೆಯ ಕರುಣೆ

ಪರಿಚ್ಛೇದ 2267 ತನ್ನ ತೀರ್ಮಾನಕ್ಕೆ ಮೂರು ಕಾರಣಗಳನ್ನು ಕೊಡುತ್ತದೆ. ಘೋರ ಅಪರಾಧದ ನಂತರವೂ ವ್ಯಕ್ತಿಯ ಘನತೆ ಅಳಿಯದು. ಶಿಕ್ಷೆಯ ಅರ್ಥದ ಬಗ್ಗೆ ಹೊಸ ತಿಳಿವು ಮೂಡಿದೆ. ಪ್ರಜೆಗಳನ್ನು ರಕ್ಷಿಸುತ್ತಲೇ ಅಪರಾಧಿಗೆ ಬದಲಾಗುವ ಅವಕಾಶವನ್ನು ಶಾಶ್ವತವಾಗಿ ಕಸಿಯದಂಥ ಸೆರೆವಾಸದ ವ್ಯವಸ್ಥೆಗಳು ಈಗ ಇವೆ. ಮೊದಲ ಕಾರಣ ದೈವಶಾಸ್ತ್ರದ್ದು; ಅದು ಯಾವ ಕಾಲಕ್ಕೂ ನಿಲ್ಲುತ್ತದೆ. ಮೂರನೆಯದು ಲೋಕದ ಸಂಗತಿಯ ಬಗ್ಗೆ ಮಾಡಿದ ಹೇಳಿಕೆ. ಅದನ್ನು ಲೋಕದಲ್ಲಿಯೇ ಪರೀಕ್ಷಿಸಬೇಕು.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಗಲ್ಲಿಗೆ ಪರ್ಯಾಯವೆಂದು ಭಾರತದ ನ್ಯಾಯಾಲಯಗಳು ಇಂದು ಬಳಸುವ ಸಾಧನ ಹುಟ್ಟಿದ್ದೇ ಕರ್ನಾಟಕದ ಮೊಕದ್ದಮೆಯಿಂದ. ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಗಲ್ಲಿನ ಬಗ್ಗೆ ಭಿನ್ನಮತ ತಾಳಿದರು; 2008ರ ಜುಲೈಯಲ್ಲಿ ಮೂವರ ಪೀಠವು ನಡುವಿನ ಹಾದಿಯೊಂದನ್ನು ಕಂಡುಕೊಂಡಿತು. ಹದಿನಾಲ್ಕು ವರ್ಷಕ್ಕೆ ಬಿಡುಗಡೆಯಾಗಬಹುದಾದ ಜೀವಾವಧಿ ಈ ಅಪರಾಧಕ್ಕೆ ಕಡಿಮೆ, ನೇಣು ಹೆಚ್ಚು. ಆದ್ದರಿಂದ ಯಾವ ವಿನಾಯಿತಿಯೂ ಇಲ್ಲದೆ ಉಸಿರಿರುವವರೆಗೆ ಸೆರೆ. 2015ರ ಡಿಸೆಂಬರಿನಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠವು 3–2ರ ಬಹುಮತದಿಂದ ಈ ಹಾದಿಯನ್ನು ಎತ್ತಿಹಿಡಿಯಿತು.

ಇದರ ಒಳ್ಳೆಯ ಮುಖವನ್ನು ಅಲ್ಲಗಳೆಯಲಾಗದು. ಗಲ್ಲು ವಿಧಿಸಲು ಮನಸ್ಸಾಗದ ನ್ಯಾಯಾಧೀಶರಿಗೆ ಇದು ಆಸರೆಯಾಯಿತು. ಹಲವು ಪ್ರಾಣಗಳು ಉಳಿದವು. ಆದರೆ ಪರಿಚ್ಛೇದದ ಮಾತನ್ನೇ ಮಾನದಂಡವಾಗಿ ಹಿಡಿದರೆ, ಬದಲಾಗುವ ಅವಕಾಶವನ್ನು ಶಾಶ್ವತವಾಗಿ ಕಸಿಯುವ ಸೆರೆ ಎಂದರೆ ಇದೇ. ಒಳಗಿರುವವನು ಪಶ್ಚಾತ್ತಾಪಪಟ್ಟು ದೇವರೊಡನೆ ಸಮಾಧಾನ ಹೊಂದಬಹುದು, ನಿಜ. ನೇಣುಗಂಬದ ಮುಂದೆಯೂ ಅದು ಸಾಧ್ಯ. ಮನುಷ್ಯರೊಡನೆ ಸಮಾಧಾನ ಹೊಂದಿ ಮತ್ತೆ ಅವರ ನಡುವೆ ಬಾಳುವುದು ಮಾತ್ರ ಸಾಧ್ಯವಿಲ್ಲ. ಹಗ್ಗವು ಮಾಡುತ್ತಿದ್ದುದನ್ನು ಗೋಡೆಯು ನಿಧಾನವಾಗಿ ಮಾಡುತ್ತದೆ.

ಈ ಅಪಾಯವನ್ನು ಫ್ರಾನ್ಸಿಸರು ಕಂಡಿದ್ದರು. 2014ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ದಂಡಸಂಹಿತಾ ಸಂಘದ ಪ್ರತಿನಿಧಿಗಳ ಮುಂದೆ ಮಾತಾಡುತ್ತ ಅವರು ಜೀವಾವಧಿ ಶಿಕ್ಷೆಯನ್ನು ಮರೆಯಲ್ಲಿರುವ ಮರಣದಂಡನೆ ಎಂದು ಕರೆದರು. ಅದನ್ನು ವ್ಯಾಟಿಕನ್ನಿನ ದಂಡಸಂಹಿತೆಯಿಂದ ತೆಗೆದುಹಾಕಿದ್ದನ್ನೂ ನೆನಪಿಸಿದರು. 2020ರ ‘ಫ್ರಾತೆಲ್ಲಿ ತುತ್ತಿ’ ವಿಶ್ವಪತ್ರದಲ್ಲಿಯೂ ಆ ವಿಚಾರ ಮರಳಿ ಬಂದಿದೆ. ಧರ್ಮೋಪದೇಶದ ಪರಿಚ್ಛೇದದೊಳಗೆ ಅದು ಬರಲಿಲ್ಲ. ಗುರುವಿದ್ಯಾರ್ಥಿಗಳು 2267ನ್ನು ಓದುವಾಗ ಈ ಎರಡು ಪಠ್ಯಗಳನ್ನೂ ಜೊತೆಯಲ್ಲಿ ಓದಬೇಕು; ಇಲ್ಲವಾದರೆ ನೇಣು ತಪ್ಪಿತೆಂಬ ಸಮಾಧಾನದಲ್ಲಿ ನಾವು ಗೋಡೆಯನ್ನು ಆಶೀರ್ವದಿಸಿ ಬರುತ್ತೇವೆ.

4. ಸತ್ತವರ ಮನೆ

ಮೂರನೆಯ ಕೊರತೆ ನನಗೆ ಎಲ್ಲಕ್ಕಿಂತ ಭಾರವಾದುದು. ಘನತೆಯ ಬಗ್ಗೆ ಇಷ್ಟು ಹೇಳುವ ಪರಿಚ್ಛೇದದಲ್ಲಿ ಕೊಲೆಯಾದವರ ಮನೆಯವರಿಗೆ ಒಂದು ಮಾತೂ ಇಲ್ಲ. ಪಾಲಾರ್‌ನಲ್ಲಿ ಸತ್ತ 22 ಮಂದಿಗೂ ಮನೆಗಳಿದ್ದವು. ನಾಲ್ವರ ಗಲ್ಲು ತಪ್ಪಲೆಂದು ಅನೇಕರು ದನಿಯೆತ್ತಿದರು, ಒಳ್ಳೆಯದಾಯಿತು. ಅದೇ ದನಿ ಆ 22 ಬಾಗಿಲುಗಳಿಗೂ ಕೇಳಿಸಿತೇ ಎಂದು ನಾವು ಕೇಳಿಕೊಳ್ಳಬೇಕು. ಗಲ್ಲಿಗಾಗಿ ಕೂಗುವ ಮನೆಯವರನ್ನು ಸೇಡಿನವರೆಂದು ಹಳಿಯುವುದು ಸುಲಭ. ಅನೇಕ ವೇಳೆ ಅವರು ಬೇಡುತ್ತಿರುವುದು ತಮ್ಮ ನಷ್ಟವನ್ನು ಯಾರಾದರೂ ನಷ್ಟವೆಂದು ಗುರುತಿಸಲಿ ಎಂಬುದನ್ನು. ಅದಕ್ಕೆ ರಾಜ್ಯ ಕೊಟ್ಟಿರುವ ಏಕೈಕ ಭಾಷೆ ನೇಣಿನದು.

ಕಾರವಾರದವರಿಗೆ ಇಲ್ಲೊಂದು ನೆನಪು ಸಲ್ಲುತ್ತದೆ. ಸತ್ಯೇಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥರು ಅವರೊಡನೆ ಬಂದು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲಿಯೇ. ಲೋಕದ ಬಂಧನಗಳನ್ನೆಲ್ಲ ಕಡಿದುಕೊಂಡು ಅನಂತವನ್ನು ಗೆದ್ದೆನೆಂದುಕೊಂಡ ಸನ್ಯಾಸಿಯನ್ನು ಅನಾಥ ಬಾಲಕಿಯೊಬ್ಬಳ ಪ್ರೀತಿ ಮತ್ತೆ ಮನುಷ್ಯರ ಕಡೆಗೆ ಎಳೆಯುತ್ತದೆ. ಅವನು ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ಮನಸ್ಸು ಕರಗಿ ಮರಳಿ ಬರುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಘನತೆಯೆಂಬ ದೊಡ್ಡ ತತ್ವವನ್ನು ಹಿಡಿದು, ಅಳುತ್ತಿರುವ ಒಂದು ಮನೆಯ ಬಾಗಿಲಿಗೆ ತಡವಾಗಿ ಬರುವ ಸಭೆಗೆ ಆ ಸನ್ಯಾಸಿಯ ಗತಿ ತಪ್ಪದು.

ಸತ್ತವರ ಮನೆಯಲ್ಲಿ ನಿಂತೇ ಪ್ರಾಣಭಿಕ್ಷೆ ಬೇಡಿದವರು ನಮ್ಮ ಪರಂಪರೆಯಲ್ಲಿದ್ದಾರೆ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದಲ್ಲಿ ಸಂತ ಅಗಸ್ಟೀನರ ಕಡೆಯ ಒಬ್ಬ ಗುರುವನ್ನು ಕೊಂದು, ಇನ್ನೊಬ್ಬರನ್ನು ಅಂಗಹೀನಗೊಳಿಸಿದವರು ವಿಚಾರಣೆಗೆ ನಿಂತಾಗ, ಅಧಿಕಾರಿ ಮಾರ್ಸೆಲ್ಲಿನಸನಿಗೆ ಅಗಸ್ಟೀನರು ಪತ್ರ ಬರೆದು, ಶಿಕ್ಷೆಯಾಗಲಿ, ಆದರೆ ಪ್ರಾಣಕ್ಕೆ ಪ್ರಾಣ, ಅಂಗಕ್ಕೆ ಅಂಗ ಬೇಡವೆಂದು ಬೇಡಿಕೊಂಡರು. ಬೇಡಿದವರು ಹೊರಗಿನವರಲ್ಲ, ಶವವನ್ನು ಹೂಳಿದ ಸಭೆಯ ಧರ್ಮಾಧ್ಯಕ್ಷರು. ಆ ಮಾತಿಗೆ ತೂಕ ಬಂದದ್ದು ಅದರಿಂದ.

ನಮ್ಮ ಕಾಲದ ನಿದರ್ಶನವೂ ಇದೆ. 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದಲ್ಲಿ ಬಸ್ಸಿನಿಂದ ಎಳೆದು ಕೊಲ್ಲಲಾದ ಕನ್ಯಾಸ್ತ್ರೀ ರಾಣಿ ಮರಿಯ ಅವರ ಕೊಲೆಗಾರನನ್ನು ಅವರ ಸ್ವಂತ ತಂಗಿ, ಅವರೂ ಕನ್ಯಾಸ್ತ್ರೀಯೇ, ಸೆರೆಮನೆಯಲ್ಲಿ ಭೇಟಿಯಾಗಿ ರಾಖಿ ಕಟ್ಟಿದರು. ಮನೆಯವರ ಒಪ್ಪಿಗೆಯೊಡನೆ ಅವನು 2006ರಲ್ಲಿ ಬಿಡುಗಡೆಯಾದ; ಕೇರಳದ ಆ ಮನೆಗೇ ಹೋಗಿ ತಾಯಿತಂದೆಯರ ಕ್ಷಮೆ ಕೇಳಿದ. 2017ರಲ್ಲಿ ರಾಣಿ ಮರಿಯ ಅವರನ್ನು ಪುನೀತರೆಂದು ಘೋಷಿಸಲಾಯಿತು. ಅವನನ್ನು ಗಲ್ಲಿಗೇರಿಸಿದ್ದರೆ ಈ ಭೇಟಿ ಇರುತ್ತಿರಲಿಲ್ಲ. ಉಸಿರಿರುವವರೆಗೆ ಗೋಡೆಯೊಳಗೆ ಇಟ್ಟಿದ್ದರೂ ಆ ಮನೆಯ ಹೊಸ್ತಿಲನ್ನು ಅವನು ಮುಟ್ಟುತ್ತಿರಲಿಲ್ಲ. ಹಾಗೆಂದು ಎಲ್ಲ ಮನೆಯವರೂ ಹೀಗೆಯೇ ಕ್ಷಮಿಸಬೇಕೆಂದು ಪೀಠದಿಂದ ಆಜ್ಞಾಪಿಸುವ ಹಕ್ಕು ನಮಗಿಲ್ಲ. ಕ್ಷಮೆ ವರದಾನ, ಅದಕ್ಕೆ ದಾರಿ ತೆರೆದಿಡುವುದಷ್ಟೇ ನಮ್ಮ ಕೆಲಸ.

5. ಸುಧಾರಣೆಯ ದಾರಿ

ಕಾನೂನಿನ ಮುನ್ನೋಟ ಮಿಶ್ರವಾಗಿದೆ. 2015ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗವು ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಹೂಡುವ ಅಪರಾಧಗಳನ್ನು ಬಿಟ್ಟು ಉಳಿದವಕ್ಕೆ ಮರಣದಂಡನೆಯನ್ನು ರದ್ದುಮಾಡಲು ಶಿಫಾರಸು ಮಾಡಿತು. 2022ರ ಮೇ ತಿಂಗಳ ಮನೋಜ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪರಾಧಿಯ ಬಾಲ್ಯ, ಕುಟುಂಬ, ಓದು, ಬಡತನ, ಮನಃಸ್ಥಿತಿಗಳ ವಿವರವನ್ನು ವಿಚಾರಣಾ ನ್ಯಾಯಾಲಯದ ಹಂತದಲ್ಲಿಯೇ ಸಂಗ್ರಹಿಸಬೇಕೆಂದಿತು.

ಇನ್ನೊಂದೆಡೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಲ್ಲಿಗೆ ಅರ್ಹವಾದ ಅಪರಾಧಗಳು ಹೆಚ್ಚಿವೆ. ಉಸಿರಿರುವವರೆಗಿನ ಸೆರೆ ಹಲವು ಕಲಮುಗಳಲ್ಲಿ ನೇರವಾಗಿಯೇ ಸೇರಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೆಯ ಕಲಮು ಕ್ಷಮಾದಾನದ ಅರ್ಜಿಗೆ ಕಾಲಮಿತಿ ಹಾಕುವುದರ ಜೊತೆಗೆ, ರಾಷ್ಟ್ರಪತಿಗಳ ತೀರ್ಮಾನದ ಬಗ್ಗೆ ನ್ಯಾಯಾಲಯ ವಿಚಾರಿಸುವಂತಿಲ್ಲವೆನ್ನುತ್ತದೆ. ಪಾಲಾರ್ ಪ್ರಕರಣದ ನಾಲ್ವರು 2013ರಲ್ಲಿ ತಟ್ಟಿದ ಬಾಗಿಲು ಅದೇ ಆಗಿತ್ತು.

ಸಂಸತ್ತಿನಲ್ಲಿ ನಮ್ಮ ಮಾತಿಗೆ ಬಲ ಕಡಿಮೆ. ಧರ್ಮಕೇಂದ್ರಗಳಲ್ಲಿ ಆಗಬಹುದಾದ ಕೆಲಸ ಮಾತ್ರ ಕಡಿಮೆಯಿಲ್ಲ. ಮನೋಜ್ ತೀರ್ಪು ಕೇಳುವ ಜೀವನವಿವರ ಎಲ್ಲಿ ಸಿಗುತ್ತದೆ? ನಮ್ಮ ದೀಕ್ಷಾಸ್ನಾನದ ದಾಖಲೆಗಳಲ್ಲಿ, ಶಾಲೆಯ ಹಾಜರಿ ಪುಸ್ತಕಗಳಲ್ಲಿ, ಮನೆ ಆಶೀರ್ವದಿಸಲು ಹೋದ ಗುರುಗಳ ನೆನಪಿನಲ್ಲಿ. ಬಡ ಆರೋಪಿಯ ವಕೀಲರಿಗೆ ಈ ವಿವರಗಳನ್ನು ಹುಡುಕಿಕೊಡುವುದು, ಬೇಕಾದರೆ ಸಾಕ್ಷಿ ನುಡಿಯುವುದು ಪಾಲನಾ ಸೇವೆಯ ಭಾಗವಾಗಬೇಕು. ಸೆರೆಮನೆಗೆ ಹೋಗುವ ನಮ್ಮ ಸ್ವಯಂಸೇವಕರು ಹಬ್ಬದ ತಿಂಡಿ ಹಂಚಿ ಬರುವುದರ ಜೊತೆಗೆ, ವರ್ಷಗಟ್ಟಲೆ ಯಾರೂ ಭೇಟಿಗೆ ಬಾರದವರ ಪಟ್ಟಿಯನ್ನು ಕೇಳಿ ಪಡೆಯಬೇಕು. ಮತ್ತು ನಮ್ಮ ವ್ಯಾಪ್ತಿಯಲ್ಲಿ ಕೊಲೆಯೊಂದು ನಡೆದರೆ ಗುರುಗಳ ಮೊದಲ ಹೆಜ್ಜೆ ಸತ್ತವರ ಮನೆಯ ಕಡೆಗೆ ಇರಬೇಕು. ಆ ಮನೆ ಯಾವ ಮತದ್ದಾದರೂ ಸರಿ. ಒಂದು ಸಲ ಹೋಗಿ ಬಂದರೆ ಸಾಲದು. ಮೊಕದ್ದಮೆ ನಡೆಯುವಷ್ಟು ಕಾಲ, ಅಂದರೆ ವರ್ಷಗಳ ಕಾಲ ಹೋಗುತ್ತಿರಬೇಕು.

ಬಿಣಗಾದ ಆ ತಾಯಿಗೆ ಅಂದು ನಾನು ಉತ್ತರ ಕೊಡಲಿಲ್ಲ, ಕೊಡಲು ಇರಲಿಲ್ಲ. ಎರಡೂ ಮನೆಗಳಿಗೆ ಹೋಗಿ ಬಂದವರು ಗಲ್ಲು ಬೇಡವೆಂದರೆ ಅವರ ಮಾತನ್ನು ಜನ ಕೇಳುತ್ತಾರೆ. ಒಂದು ಮನೆಗೂ ಹೋಗದವರು ಹೇಳಿದರೆ ಅದು 2267ನೆಯ ಪರಿಚ್ಛೇದವಾಗಿಯೇ ಉಳಿಯುತ್ತದೆ.